ಯಂತ್ರಕ್ಕೆ ಹತ್ತಿಸುವ ಮೊದಲು ಗಾಡಿಯ ಅಡಿ ನೋಡಿ

ವೀಲ್ ಅಲೈನ್‌ಮೆಂಟ್ ಅಂಗಡಿಗಳ ಮಾಲೀಕರಿಗೆ ಮತ್ತು ಅಲ್ಲಿ ದುಡಿಯುವ ತಮ್ಮಂದಿರಿಗೆ ಒಂದು ಬಹಿರಂಗ ಪತ್ರ



ನಾನು ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ನಿಮ್ಮಲ್ಲಿ ಕೆಲವರು ನನ್ನ ಶೆಡ್ಡಿನಲ್ಲೇ ಟೈ ರಾಡ್ ಬಿಚ್ಚಿ ಜೋಡಿಸಲು ಕಲಿತಿರಬಹುದು. ಕೆಲಸ ಬಿಟ್ಟ ಮೇಲೂ ನೆಂಟರಿಷ್ಟರು, ಅಕ್ಕಪಕ್ಕದವರು, ಬಾಡಿಗೆ ಕಾರು ಓಡಿಸುವ ಹಳೆಯ ಶಿಷ್ಯರು ಗಾಡಿಯ ತೊಂದರೆ ಹೇಳಿಕೊಂಡು ಮನೆಗೆ ಬರುತ್ತಾರೆ. ಈಚಿನ ವರ್ಷಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳುತ್ತಿದ್ದೇನೆ: “ಅಲೈನ್‌ಮೆಂಟ್ ಮಾಡಿಸಿದೆ ಸಾರ್, ಆದರೂ ತೊಂಬತ್ತು ದಾಟಿದರೆ ಸ್ಟೇರಿಂಗ್ ಅದುರುತ್ತೆ. ಇನ್ನೊಂದು ಅಂಗಡಿಗೆ ಹೋದೆ, ಅಲ್ಲೂ ಅಲೈನ್‌ಮೆಂಟ್ ಮಾಡಿ ಕಳಿಸಿದರು.” ಈ ಪತ್ರ ಬರೆಯಲು ಆ ಮಾತೇ ಕಾರಣ. ಯಾರ ಮೇಲೂ ದೂರು ಹೊರಿಸಲು ಅಲ್ಲ. ನಿಮ್ಮ ಕೆಲಸಕ್ಕೆ ಸಲ್ಲಬೇಕಾದ ಗೌರವ ನಿಮ್ಮ ಕೈಯಿಂದಲೇ ಜಾರಿ ಹೋಗುತ್ತಿದೆ ಎಂಬ ಸಂಕಟಕ್ಕೆ ಬರೆಯುತ್ತಿದ್ದೇನೆ.

ಕಾಲ ಬದಲಾಗಿದೆ, ಮೊದಲು ಅದನ್ನು ನೋಡೋಣ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಸುಮಾರು 118 ಕಿ.ಮೀ. ದಾರಿ. ಹಿಂದೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ಒಂದೊಂದು ಊರಲ್ಲೂ ನಿಂತು ನಿಂತು ಸಾಗುತ್ತಿದ್ದ ಕಾರು ಈಗ ಬೈಪಾಸುಗಳ ಮೇಲೆ ಗಂಟೆಗೆ 100 ಕಿ.ಮೀ. ಮಿತಿಯ ಅಂಚಿನಲ್ಲಿ ಒಂದೇ ಸಮನೆ ಓಡುತ್ತದೆ. ತುಮಕೂರು, ಚಿತ್ರದುರ್ಗ, ದಾವಣಗೆರೆ ಕಡೆಯ ರಸ್ತೆಯಲ್ಲೂ ಹಾಗೆಯೇ. ಅದೇ ಕಾರು ಹಿಂದಿನ ವಾರ ಬೆಂಗಳೂರಿನ ಒಳರಸ್ತೆಯ ಗುಂಡಿಗೆ ಬಿದ್ದಿರುತ್ತದೆ, ಇಲ್ಲವೇ ಹೇಳದೆ ಕೇಳದೆ ಎದ್ದು ನಿಂತ ಹಂಪಿನ ಮೇಲೆ ಹಾರಿರುತ್ತದೆ. ಗುಂಡಿಯಲ್ಲಿ ಬಿದ್ದ ಪೆಟ್ಟು ಊರೊಳಗೆ 40ರ ವೇಗದಲ್ಲಿ ತಿಳಿಯುವುದಿಲ್ಲ. ಹೆದ್ದಾರಿಗೆ ಏರಿದ ಮೇಲೆ, ಹೆಂಡತಿ ಮಕ್ಕಳು ಹಿಂದೆ ಕೂತಿರುವಾಗ, ಪಕ್ಕದಲ್ಲಿ ಲಾರಿ ಬರುತ್ತಿರುವಾಗ ತಿಳಿಯುತ್ತದೆ. ಮನೆಗೆ ಮರಳಿದ ಮೇಲೆ ಆ ಮನುಷ್ಯ ನಿಮ್ಮ ಅಂಗಡಿ ಹುಡುಕಿಕೊಂಡು ಬರುತ್ತಾನೆ.

ಬಂದವನು ಏನು ಹೇಳುತ್ತಾನೆ, ಅದನ್ನು ಪೂರ್ತಿ ಕೇಳಿ. ಸ್ಟೇರಿಂಗ್ ಅದುರುತ್ತದೆ ಎನ್ನುವವನ ಕಾಯಿಲೆ ಬೇರೆ, ಗಾಡಿ ಎಡಕ್ಕೋ ಬಲಕ್ಕೋ ಎಳೆಯುತ್ತದೆ ಎನ್ನುವವನದು ಬೇರೆ, ವೇಗ ಹೆಚ್ಚಿದರೆ ಗಾಡಿ ತೇಲಿದ ಹಾಗಾಗುತ್ತದೆ, ನೇರ ನಿಲ್ಲುವುದಿಲ್ಲ ಎನ್ನುವವನದು ಇನ್ನೂ ಬೇರೆ. ಮೂವರ ಗಾಡಿಯನ್ನೂ ಒಂದೇ ಯಂತ್ರಕ್ಕೆ ಹತ್ತಿಸಿ, ಟೋ ಒಂದಿಷ್ಟು ತಿರುಗಿಸಿ, ಪರದೆಯ ಮೇಲೆ ಹಸಿರು ಬಂತೆಂದು ಬಿಲ್ಲು ಕೊಡುವುದು ಹಲವು ಕಡೆ ರೂಢಿಯಾಗಿಬಿಟ್ಟಿದೆ. ಅದುರುವ ಗಾಡಿಗೆ ಬರೀ ಅಲೈನ್‌ಮೆಂಟ್ ಮಾಡಿದರೆ ಸಾಮಾನ್ಯವಾಗಿ ಅದುರು ಹೋಗುವುದಿಲ್ಲ. ಅಲೈನ್‌ಮೆಂಟ್ ಎಂದರೆ ಚಕ್ರ ಯಾವ ದಿಕ್ಕಿಗೆ ನೋಡುತ್ತಿದೆ (ಟೋ), ಎಷ್ಟು ವಾಲಿದೆ (ಕ್ಯಾಂಬರ್) ಎಂಬ ಕೋನದ ವಿಚಾರ. ಅದುರುವುದು ತಿರುಗುವ ವಸ್ತುವಿನ ದೋಷ. ಚಕ್ರ ಪ್ರತಿ ಸುತ್ತಿಗೂ ಒಂದೊಂದು ಏಟು ಕೊಡುತ್ತಿದೆ ಎಂದರ್ಥ.

ಲೆಕ್ಕ ಹಾಕಿ ನೋಡಿ, ಹುಡುಗರಿಗೂ ಹಾಕಿಸಿ. 14 ಇಂಚಿನ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ತೂಕ ಒಂದು ಕಡೆ ಹೆಚ್ಚಿದೆ ಎಂದುಕೊಳ್ಳಿ. ಸಣ್ಣ ಕಾರಿನ ಚಕ್ರ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ಆಗ ಆ 30 ಗ್ರಾಂ ಹಬ್ಬನ್ನು ಹೊರಕ್ಕೆ ಎಳೆಯುವ ಬಲ ಸುಮಾರು 5 ಕಿಲೋ ತೂಕದಷ್ಟು. ಅದೂ ಒಂದೇ ದಿಕ್ಕಿಗಲ್ಲ. ಮೇಲೆ, ಮುಂದೆ, ಕೆಳಗೆ, ಹಿಂದೆ ಎಂದು ಸೆಕೆಂಡಿಗೆ 15 ಸಲ ಸುತ್ತುತ್ತಾ. ವೇಗ 50ಕ್ಕೆ ಇಳಿದರೆ ಬಲ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ, ಒಂದೂಕಾಲು ಕಿಲೋ. ಊರೊಳಗೆ ಗೊತ್ತಾಗದಿರುವುದು ಅದಕ್ಕೇ. ಇದರ ಜೊತೆಗೆ ಚಕ್ರ ಮತ್ತು ಸಸ್ಪೆನ್ಷನ್ ಸೇರಿ ತಮ್ಮದೇ ಗತಿಯಲ್ಲಿ, ಸೆಕೆಂಡಿಗೆ 10ರಿಂದ 15 ಸಲದ ಆಸುಪಾಸಿನಲ್ಲಿ, ಕುಣಿಯುವ ಸ್ವಭಾವದವು. ಎರಡೂ ಗತಿ ಕೂಡಿದಾಗ ಅದುರು ಜಾಸ್ತಿ. 90ರಲ್ಲಿ ಕೈ ಜುಮ್ಮೆನ್ನಿಸಿ 110ರಲ್ಲಿ ಸುಮ್ಮನಾಗುವ ಗಾಡಿ ಕಂಡರೆ ಮೊದಲ ಅನುಮಾನ ಬ್ಯಾಲೆನ್ಸಿಂಗ್ ಮೇಲೆ ಬರಲಿ.

ಅನುಮಾನ ಅಲ್ಲಿಗೇ ನಿಲ್ಲಬಾರದು. ಸ್ಟೇರಿಂಗ್‌ನಲ್ಲಿ ಅದುರುತ್ತದೆಯೋ ಸೀಟಿನಲ್ಲೋ ಎಂದು ಕೇಳಿ. ಸ್ಟೇರಿಂಗ್ ಆದರೆ ಹೆಚ್ಚಾಗಿ ಮುಂದಿನ ಚಕ್ರ. ಸೀಟು, ನೆಲ ಆದರೆ ಹಿಂದಿನದು. ಬ್ರೇಕ್ ತುಳಿದಾಗ ಮಾತ್ರ ಅದುರಿದರೆ ಡಿಸ್ಕ್ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಅದುರಿ, ಕಾಲು ತೆಗೆದಾಗ ನಿಂತರೆ ಡ್ರೈವ್ ಶಾಫ್ಟಿನ ಒಳ ಜಾಯಿಂಟು. ವೇಗದ ಜೊತೆ ಏರುವ ಗುಂಯ್ ಸದ್ದು ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್. ಐದು ನಿಮಿಷದ ಮಾತುಕತೆ ಇದು. ಇದಕ್ಕೆ ಯಂತ್ರ ಬೇಡ, ಆದರೆ ಇದು ಇಲ್ಲದೆ ಯಂತ್ರವಿದ್ದೂ ಪ್ರಯೋಜನವಿಲ್ಲ.

ಗುಂಡಿಗೆ ಬಿದ್ದು ಬಂದ ಗಾಡಿಯ ರಿಮ್ಮನ್ನು ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸುವಾಗ ಅಂಚಿನ ಪಕ್ಕ ಒಂದು ಸ್ಕ್ರೂಡ್ರೈವರ್ ಹಿಡಿದು ನೋಡಿ, ಅಂಚು ಓಲಾಡುತ್ತದೆಯೇ ಎಂದು. ರಿಮ್ಮಿನ ಒಳಗಿನ ಅಂಚು ಬಾಗಿದ್ದರೆ ಹೊರಗಿನಿಂದ ನೋಡುವವನಿಗೆ ಕಾಣುವುದೇ ಇಲ್ಲ. ಟಯರಿನ ಒಳಗಿನ ಉಕ್ಕಿನ ತಂತಿಯ ಪದರ ಬಿಟ್ಟಿದ್ದರೆ ಮೇಲ್ಮೈ ಒಂದು ಕಡೆ ಉಬ್ಬುತ್ತದೆ. ಅಂಥ ಟಯರಿಗೆ ಎಷ್ಟು ತೂಕ ಅಂಟಿಸಿದರೂ ಯಂತ್ರ ಸೊನ್ನೆ ತೋರಿಸೀತು, ರಸ್ತೆಯ ಮೇಲೆ ಅದುರು ಹೋಗದು. ಹೋಗದಿರುವುದು ದೊಡ್ಡ ಮಾತಲ್ಲ, ಟಯರೇ ಸಿಡಿಯಬಹುದು. ಆ ಟಯರು ಮತ್ತೆ ಹೆದ್ದಾರಿಗೆ ಇಳಿಯಬಾರದು ಎಂದು ಗಟ್ಟಿಯಾಗಿ ಹೇಳುವ ಹೊಣೆ ನಿಮ್ಮದು. ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯನ್ನೂ ಓದಿ ಹೇಳಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೆಡ್ಡಿನ ಆಳ ಉಳಿದಿದೆ ಎಂಬ ಒಂದೇ ನೆಪಕ್ಕೆ ಬಿರುಕು ಬಿಟ್ಟ ಹಳೇ ಟಯರಿನಲ್ಲಿ ಓಡಿಸುವವರು ಬಹಳ ಮಂದಿ. ಪಂಕ್ಚರ್ ಆಗದಿರಲೆಂದು ಟಯರಿನೊಳಗೆ ದ್ರಾವಣ ಸುರಿಸಿಕೊಂಡವರು ಇದ್ದಾರೆ; ಆ ನೀರು ಒಳಗೆ ಒಂದು ಕಡೆ ನಿಂತರೆ ಬ್ಯಾಲೆನ್ಸು ಕೆಡುತ್ತದೆ, ಅದನ್ನೂ ಕೇಳಿ ತಿಳಿಯಿರಿ. ಮಳೆಗಾಲದಲ್ಲಿ ಮಲೆನಾಡಿನಿಂದ ಬಂದ ಗಾಡಿಯಲ್ಲಿ ರಿಮ್ಮಿನ ಒಳಗೆ ಒಣಗಿದ ಕೆಸರೇ ಸಾಕು ಅದುರಿಸಲು. ತೊಳೆದರೆ ಮುಗಿಯಿತು, ಬಿಲ್ಲೇ ಬೇಡ.

ಬ್ಯಾಲೆನ್ಸಿಂಗ್ ಮಾಡುವ ತಮ್ಮಂದಿರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಯಂತ್ರ ಸೊನ್ನೆ ತೋರಿಸಿದ ಮೇಲೆ ನಟ್ಟು ಸಡಿಲಿಸಿ, ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಿ. ಈಗಲೂ ಸೊನ್ನೆ ಬಂದರೆ ನಿಮ್ಮ ಕೆಲಸ ಸರಿ. ಹತ್ತು ಹದಿನೈದು ಗ್ರಾಂ ಬೇರೆ ತೋರಿಸಿದರೆ ಕೋನು ಸರಿಯಾಗಿ ಕೂತಿಲ್ಲ, ಇಲ್ಲವೇ ಹಬ್ಬಿನ ತೂತಿನಲ್ಲಿ ತುಕ್ಕು, ಕೊಳೆ ಇದೆ. ಮೊದಲು ಬಂದ ಸೊನ್ನೆ ಸುಳ್ಳು ಸೊನ್ನೆ. ಚಕ್ರ ಕೂರಿಸುವಾಗ ಹಬ್ಬಿನ ಮುಖ ತಂತಿ ಬ್ರಷ್‌ನಿಂದ ಉಜ್ಜಿ. ಗಾಳಿಗನ್ನಿನಲ್ಲಿ ಒಂದೇ ಏಟಿಗೆ ನಟ್ಟು ಬಿಗಿಯಬೇಡಿ. ಎದುರುಬದುರಾಗಿ ಬಿಗಿದು, ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ ಆಗಲಿ. ಒಂದೊಂದು ನಟ್ಟು ಒಂದೊಂದು ಬಿಗಿಯಲ್ಲಿ ಕೂತರೆ ಡಿಸ್ಕ್ ಓರೆಯಾಗುತ್ತದೆ. ಅದುರು ತೆಗೆಯಲು ಬಂದವನಿಗೆ ಹೊಸ ಅದುರು ಕೊಟ್ಟು ಕಳಿಸಿದಂತಾಗುತ್ತದೆ.

ಇನ್ನು ಎಳೆಯುವ, ತೇಲುವ ಗಾಡಿ. ಇಲ್ಲಿ ನಿಮ್ಮ ಯಂತ್ರಕ್ಕೆ ನಿಜವಾದ ಕೆಲಸವಿದೆ. ಟೋ ಹೊರಮುಖವಾದರೆ ಎಡಚಕ್ರ ಎಡಕ್ಕೂ ಬಲಚಕ್ರ ಬಲಕ್ಕೂ ಹೊರಡಲು ನೋಡುತ್ತವೆ. ರಸ್ತೆಯ ಉಬ್ಬುತಗ್ಗಿನಲ್ಲಿ ಯಾವ ಚಕ್ರದ ಮೇಲೆ ಭಾರ ಬಿತ್ತೋ ಗಾಡಿ ಆ ಕಡೆಗೆ ವಾಲುತ್ತದೆ, ಮರುಕ್ಷಣ ಈ ಕಡೆಗೆ. ಓಡಿಸುವವನು ಮೈಸೂರು ಮುಟ್ಟುವವರೆಗೂ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು. ಟಯರಿಗೂ ಅದು ಶಾಪ. ಬಹಳಷ್ಟು ಸಣ್ಣ ಕಾರುಗಳಲ್ಲಿ ಮುಂದಿನ ಟೋ ಸೊನ್ನೆಯ ಆಸುಪಾಸಿನಲ್ಲಿ, ಒಂದೆರಡು ಮಿಲಿಮೀಟರಿನ ಒಳಗೆ ಇರಬೇಕು. ಟಯರಿನ ಮೇಲ್ಮೈಯಲ್ಲಿ ಅಳೆದಾಗ ಒಟ್ಟು 3 ಮಿಲಿಮೀಟರ್ ತಪ್ಪಿದ್ದರೂ ಸಾಕು, ಪ್ರತಿ ಮುಂಚಕ್ರ ಒಂದು ಕಿಲೋಮೀಟರಿಗೆ ಸುಮಾರು ಎರಡೂವರೆ ಮೀಟರ್ ಅಡ್ಡಕ್ಕೆ ಉಜ್ಜುತ್ತಾ ಹೋಗುತ್ತದೆ. ಸಾವಿರ ಕಿಲೋಮೀಟರಿಗೆ ಎರಡೂವರೆ ಕಿಲೋಮೀಟರ್ ಟಯರು ರಸ್ತೆಗೆ ಉಜ್ಜಿದಂತೆ. ಅಂಗೈಯನ್ನು ಟಯರಿನ ಮೇಲೆ ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಸವರಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಾಗೆ ಚುಚ್ಚುವುದು ಈ ತಪ್ಪಿನ ಗುರುತು.

ಕ್ಯಾಸ್ಟರ್ ಬಗ್ಗೆ ಅಂಗಡಿಗಳಲ್ಲಿ ಮಾತೇ ಕೇಳುವುದಿಲ್ಲ. ಹೆದ್ದಾರಿಯಲ್ಲಿ ಗಾಡಿಯನ್ನು ನೇರ ನಿಲ್ಲಿಸುವುದರಲ್ಲಿ ಅದರ ಪಾಲು ದೊಡ್ಡದು. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ವಾಲಿರುವ ಹಾಗೆ ಕಾರಿನ ಚಕ್ರ ತಿರುಗುವ ಅಕ್ಷವೂ ಹಿಂದಕ್ಕೆ ವಾಲಿರುತ್ತದೆ. ಟಯರು ನೆಲ ಮುಟ್ಟುವ ಜಾಗ ಆ ಅಕ್ಷದ ಹಿಂದೆ ಉಳಿದು, ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ. ಗುಂಡಿಯ ಪೆಟ್ಟಿಗೆ ಲೋಯರ್ ಆರ್ಮ್ ಹಿಂದಕ್ಕೆ ಸರಿದರೆ ಆ ಬದಿಯ ಕ್ಯಾಸ್ಟರ್ ಕಡಿಮೆಯಾಗಿ ಗಾಡಿ ಆ ಕಡೆಗೇ ಎಳೆಯುತ್ತದೆ. ಟೋ ಎಷ್ಟು ತಿರುಗಿಸಿದರೂ ಈ ಎಳೆತ ಹೋಗುವುದಿಲ್ಲ. ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸಿ ಕ್ಯಾಸ್ಟರ್ ಅಳೆಯುವ ಹಂತವನ್ನು ಸಮಯ ಉಳಿಸಲು ಬಿಟ್ಟುಬಿಡುವ ಅಂಗಡಿಗಳನ್ನು ನೋಡಿದ್ದೇನೆ. ದಯವಿಟ್ಟು ಬಿಡಬೇಡಿ. ಜೊತೆಗೆ ತಿರುವಿನ ಕೋನವನ್ನೂ ನೋಡಿ. ಪೂರ್ತಿ ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗಬೇಕು ಎಂಬ ನಿಯಮ ಮೋಟಾರು ಗಾಡಿಗಿಂತ ಹಳೆಯದು. 1817ರಲ್ಲಿ ಮ್ಯೂನಿಕ್‌ನ ಕುದುರೆಗಾಡಿ ಕಟ್ಟುವ ಲಾಂಕೆನ್‌ಸ್ಪೆರ್ಗರ್ ಕಂಡುಕೊಂಡದ್ದು, ಮರುವರ್ಷ ಲಂಡನ್ನಿನಲ್ಲಿ ಆಕರ್‌ಮನ್ ಪೇಟೆಂಟ್ ಮಾಡಿಸಿದ್ದು. ಎಡತಿರುವಿನಲ್ಲೂ ಬಲತಿರುವಿನಲ್ಲೂ ಈ ವ್ಯತ್ಯಾಸ ಒಂದೇ ಬಾರದಿದ್ದರೆ ಸ್ಟೇರಿಂಗ್ ಆರ್ಮ್ ಬಾಗಿದೆ. ಇದನ್ನು ನೋಡುವವರು ಇನ್ನೂ ಕಡಿಮೆ.

ಎಳೆತಕ್ಕೆ ಯಂತ್ರ ಹಚ್ಚುವ ಮುಂಚೆ ನಾಲ್ಕೂ ಟಯರಿನ ಗಾಳಿಯನ್ನು ಬಾಗಿಲ ಕಂಬದ ಚೀಟಿಯಲ್ಲಿ ಬರೆದ ಮಟ್ಟಕ್ಕೆ, ಟಯರು ತಣ್ಣಗಿರುವಾಗ ತನ್ನಿ. ಆಮೇಲೆ ಮುಂದಿನ ಎರಡು ಟಯರು ಅದಲುಬದಲು ಮಾಡಿ ಓಡಿಸಿ. ಎಳೆತವೂ ಪಕ್ಕ ಬದಲಿಸಿದರೆ ದೋಷ ಟಯರಿನದು. ನಮ್ಮ ರಸ್ತೆಗಳು ನೀರು ಹರಿಯಲೆಂದು ಎಡಕ್ಕೆ ಇಳಿಜಾರು; ಅಲ್ಪಸ್ವಲ್ಪ ಎಡಕ್ಕೆ ಸರಿಯುವುದು ಸಹಜ, ಅದನ್ನೂ ಗಿರಾಕಿಗೆ ತಿಳಿಸಿ ಹೇಳಿ.

ಈಗ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೊರೆಯುವ ವಿಷಯ. ನನ್ನ ಹಳೆಯ ಶಿಷ್ಯನೊಬ್ಬ ಬಾಡಿಗೆ ಕಾರು ಓಡಿಸುತ್ತಾನೆ. ಬ್ರೇಕ್ ಹಿಡಿದಾಗ ಗಾಡಿ ಬಲಕ್ಕೆ ನುಗ್ಗುತ್ತದೆ, 80ರ ಮೇಲೆ ತೇಲುತ್ತದೆ ಎಂದು ಅಂಗಡಿಯಿಂದ ಅಂಗಡಿಗೆ ಅಲೆದ. ಎಲ್ಲ ಕಡೆಯೂ ಪರದೆ ಹಸಿರು. ಕಾರು ಎತ್ತಿಸಿ, ಲೋಯರ್ ಆರ್ಮಿನ ಹಿಂದಿನ ಬುಷ್‌ಗೆ ಸಬ್ಬಲು ಕೊಟ್ಟು ಮೀಟಿ ನೋಡಿದೆವು. ರಬ್ಬರು ಸುತ್ತಲೂ ಹರಿದು ಆರ್ಮ್ ಬೆರಳಗಲ ಓಡಾಡುತ್ತಿತ್ತು. ಗಾಡಿ ಲಿಫ್ಟಿನ ಮೇಲೆ ಸುಮ್ಮನೆ ನಿಂತಾಗ ಆರ್ಮ್ ತನ್ನ ಜಾಗದಲ್ಲೇ ಇರುತ್ತದೆ, ಅಳತೆ ಸರಿಯಾಗಿಯೇ ಬರುತ್ತದೆ. ಬ್ರೇಕ್ ತುಳಿದ ಕ್ಷಣ ಚಕ್ರ ಹಿಂದಕ್ಕೆ ಸರಿದು ಟೋ, ಕ್ಯಾಸ್ಟರ್ ಎರಡೂ ಬದಲಾಗುತ್ತವೆ. ನಿಂತ ಗಾಡಿಯ ಹಸಿರು ಓಡುವ ಗಾಡಿಗೆ ಸಲ್ಲುವುದಿಲ್ಲ. ಬುಷ್ ಬದಲಿಸಿ ಒಂದೇ ಸಲ ಅಲೈನ್‌ಮೆಂಟ್ ಮಾಡಿದ ಮೇಲೆ ಆತನ ಗಾಡಿ ಸರಿಯಾಯಿತು. ಅವನು ಕಳೆದುಕೊಂಡ ದುಡ್ಡಿನ ಮಾತು ಬಿಡಿ. ಅಷ್ಟು ದಿನ ಆ ಗಾಡಿಯಲ್ಲಿ ವಿಮಾನ ನಿಲ್ದಾಣಕ್ಕೆ, ಮದುವೆ ಮನೆಗೆ, ಆಸ್ಪತ್ರೆಗೆ ಹೋದವರ ಬಗ್ಗೆ ಯೋಚಿಸಿದರೆ ನನಗೆ ನಿದ್ದೆ ಬರುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ: ಗಾಡಿ ಯಂತ್ರಕ್ಕೆ ಹತ್ತುವ ಮೊದಲು ಅದರ ಅಡಿ ನೋಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ, ಬಾಲ್ ಜಾಯಿಂಟೋ ಬೇರಿಂಗೋ ಗೊತ್ತಾಗುತ್ತದೆ. ಎಡಬಲ ಹಿಡಿದು ಅಲುಗಿಸಿ, ಟೈ ರಾಡ್ ಎಂಡ್, ರ‍್ಯಾಕ್ ಎಂಡ್ ತಿಳಿಯುತ್ತದೆ. ಬುಷ್‌ಗಳನ್ನು ಮೀಟಿ. ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಸೋರಿದೆಯೇ ನೋಡಿ. ಪ್ಲೇ (ಅಲುಗಾಟ) ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡುವುದಿಲ್ಲ, ಮೊದಲು ಇದನ್ನು ಬದಲಿಸಿಕೊಂಡು ಬನ್ನಿ ಎಂದು ಹೇಳುವ ಧೈರ್ಯ ತಂದುಕೊಳ್ಳಿ. ಬಂದ ಗಿರಾಕಿಯನ್ನು ವಾಪಸು ಕಳಿಸುವುದು ಸುಲಭವಲ್ಲ, ಗೊತ್ತು. ಸವೆದ ಭಾಗವನ್ನು ಅವನ ಕೈಗೇ ಮುಟ್ಟಿಸಿ ತೋರಿಸಿ. ತನ್ನ ಕೈಯಿಂದ ಅಲುಗಿಸಿ ನೋಡಿದವನು ಮೋಸ ಎನ್ನುವುದಿಲ್ಲ.

ಇನ್ನೊಂದು, ಕ್ಯಾಂಬರ್. ಇದನ್ನು ಮೃದುವಾಗಿ ಹೇಳಲು ನನಗೆ ಬರುವುದಿಲ್ಲ. 1983ರ ಕೊನೆಯಲ್ಲಿ ಮಾರುತಿ 800 ಬಂದಾಗಿನಿಂದ ನಮ್ಮ ಸಣ್ಣ ಕಾರುಗಳ ಮುಂಭಾಗ ಹೆಚ್ಚಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್ ಮೇಲೆ ನಿಂತಿದೆ. ಅವುಗಳಲ್ಲಿ ಬಹುತೇಕ ಕಾರುಗಳಿಗೆ ಕಂಪನಿ ಕೊಟ್ಟ ಹೊಂದಾಣಿಕೆ ಒಂದೇ, ಮುಂದಿನ ಟೋ. ಕ್ಯಾಂಬರ್ ಔಟ್ ಎಂದು ಪರದೆ ತೋರಿಸಿದರೆ ಯಾವುದೋ ಭಾಗ ಬಾಗಿದೆ, ಸವೆದಿದೆ, ಅಥವಾ ಸರಿದಿದೆ ಎಂದರ್ಥ. ಒಂದು ಬದಿಯಲ್ಲಿ ಎಷ್ಟು ಹೆಚ್ಚೋ ಇನ್ನೊಂದು ಬದಿಯಲ್ಲಿ ಅಷ್ಟೇ ಕಡಿಮೆ ಇದ್ದರೆ ಸಬ್‌ಫ್ರೇಮ್ ಸರಿದಿರಬಹುದು. ಬೋಲ್ಟು ಸಡಿಲಿಸಿ ನಡುವಿಗೆ ತಂದರೆ ಮುಗಿಯುತ್ತದೆ. ಒಂದೇ ಬದಿಯಲ್ಲಿದ್ದರೆ ಸ್ಟ್ರಟ್, ನಕಲ್, ಆರ್ಮ್ ಒಂದೊಂದಾಗಿ ನೋಡಬೇಕು. ಅದು ಬಿಟ್ಟು ಹೈಡ್ರಾಲಿಕ್ ಜಾಕ್ ಕೊಟ್ಟು ಸ್ಟ್ರಟ್ಟನ್ನೋ ನಕಲ್ಲನ್ನೋ ಬಗ್ಗಿಸಿ, “ಕ್ಯಾಂಬರ್ ಸೆಟ್ಟಿಂಗ್” ಎಂದು ಬಿಲ್ಲಿನಲ್ಲಿ ಬೇರೆ ಸಾಲು ಹಾಕುವುದನ್ನು ನಿಲ್ಲಿಸಿ. ಬಾಗಿದ್ದನ್ನು ಇನ್ನೊಂದು ಕಡೆ ಬಗ್ಗಿಸಿ ಸರಿಗಟ್ಟಿದರೆ ಅಂಕಿ ಸರಿಯಾಗುತ್ತದೆ, ಲೋಹ ಸರಿಯಾಗುವುದಿಲ್ಲ. ಸ್ಟ್ರಟ್ಟಿನ ಸೀಲು ಹೋಗುತ್ತದೆ, ಬಗ್ಗಿಸಿದ ಜಾಗ ದಣಿದು ಬಿರುಕು ಬಿಡುವ ಅಪಾಯವಿದೆ. ಚಕ್ರ ಹಿಡಿದಿರುವ ಭಾಗದ ಮೇಲೆ ಇಂಥ ಕೆಲಸ ಮಾಡುವ ಹಕ್ಕು ಯಾರಿಗೂ ಇಲ್ಲ.

ಮಾಲೀಕರೇ, ನಿಮಗೆ ಪ್ರತ್ಯೇಕವಾಗಿ ಒಂದು ಮಾತು. ದಿನಕ್ಕೆ ಇಷ್ಟು ಗಾಡಿ ಮುಗಿಯಬೇಕು, ಗಾಡಿಗೊಂದು ಕ್ಯಾಂಬರ್, ಟಯರಿಗೆ ನೈಟ್ರೋಜನ್ ತುಂಬಿದ್ದು ಬಿಲ್ಲಿಗೆ ಸೇರಬೇಕು ಎಂದು ಹುಡುಗರ ತಲೆಯ ಮೇಲೆ ಲೆಕ್ಕ ಹೊರಿಸಿದರೆ ಅವರು ಅಡಿ ನೋಡುವುದು ಯಾವಾಗ? ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ನೈಟ್ರೋಜನ್ನಿಗೆ ಕೇಳುವ ದುಡ್ಡನ್ನು ತಪಾಸಣೆಯ ಶುಲ್ಕವೆಂದು ನೇರವಾಗಿ ಕೇಳಿ, ಬುದ್ಧಿಯಿರುವ ಗಿರಾಕಿ ಕೊಡುತ್ತಾನೆ. ಯಂತ್ರದ ಕ್ಯಾಲಿಬ್ರೇಷನ್ ಕಾಲಕಾಲಕ್ಕೆ ಮಾಡಿಸಿ. ಲಿಫ್ಟ್ ಮಟ್ಟವಾಗಿ ಇದೆಯೇ, ಟರ್ನ್ ಪ್ಲೇಟಿನಲ್ಲಿ ಮಣ್ಣು ಕೂತು ಬಿಗಿದಿದೆಯೇ ನೋಡಿ. ಬಿಗಿದ ಪ್ಲೇಟಿನ ಮೇಲೆ ತೆಗೆದ ಅಳತೆಗೆ ಬೆಲೆಯಿಲ್ಲ. ರಿಮ್ಮಿನ ಓಲಾಟ ಕಳೆಯಲು ಗಾಡಿಯನ್ನು ಹಿಂದೆ ಮುಂದೆ ಉರುಳಿಸುವ ಹಂತವನ್ನು ಬಿಡಗೊಡಬೇಡಿ. ಮುಂದಿನ ಚಕ್ರಗಳನ್ನಷ್ಟೇ ಅಳೆದು ಕಳಿಸುವುದು ಸಾಲದು. ಹಿಂದಿನ ಆಕ್ಸಲ್ ಓರೆಯಾಗಿದ್ದರೆ ಗಾಡಿ ಅಡ್ಡಡ್ಡ ಓಡುತ್ತದೆ, ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ. ಮುಂದಿನದನ್ನು ಎಷ್ಟು ತಿದ್ದಿದರೂ ಮೂಲ ಹಿಂದಿದೆ.

ಮಾಡುವ ಮೊದಲಿನ ಅಳತೆ, ಮಾಡಿದ ನಂತರದ ಅಳತೆ, ಎರಡೂ ಇರುವ ಪ್ರಿಂಟನ್ನು ಗಿರಾಕಿಯ ಕೈಗೆ ಕೊಡಿ. ಕೇಳಿದವರಿಗೆ ಮಾತ್ರವಲ್ಲ, ಎಲ್ಲರಿಗೂ. ಸರಿಪಡಿಸಲಾಗದೆ ಉಳಿದ ಕೆಂಪು ಅಂಕಿ ಇದ್ದರೆ ಅದರ ಕಾರಣವನ್ನು ಅದೇ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯಿರಿ: ಎಡ ಲೋಯರ್ ಆರ್ಮ್ ಬುಷ್ ಹೋಗಿದೆ, ಬಲ ಹಿಂದಿನ ರಿಮ್ ಬಾಗಿದೆ, ಹೀಗೆ. ಆರು ತಿಂಗಳ ನಂತರ ಬೇರೆ ಮೆಕ್ಯಾನಿಕ್ ನೋಡಿದರೂ ಅವನಿಗೆ ದಾರಿ ಸಿಗುತ್ತದೆ. ಹೊಸ ಕಾರುಗಳಲ್ಲಿ ಟೋ ಬದಲಿಸಿದ ಮೇಲೆ ಸ್ಟೇರಿಂಗ್ ಆಂಗಲ್ ಸೆನ್ಸರಿನ ಸೊನ್ನೆಯನ್ನು ಸ್ಕ್ಯಾನರಿನಿಂದ ಮತ್ತೆ ಹೊಂದಿಸಬೇಕಾಗಬಹುದು; ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ, ಲೇನ್ ಹಿಡಿದು ಓಡಿಸುವ ವ್ಯವಸ್ಥೆ ಎರಡೂ ಆ ಸೊನ್ನೆಯನ್ನು ನಂಬಿ ಕೆಲಸ ಮಾಡುತ್ತವೆ. ಕೊನೆಗೆ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಗೆ ಓಡಿಸಿ. ಅವನು ಹೇಳಿದ ವೇಗದಲ್ಲಿ, ಅವನು ಹೇಳಿದ ತೊಂದರೆ ಹೋಗಿದೆಯೇ ಎಂದು ಅವನ ಬಾಯಿಂದಲೇ ಕೇಳಿ.

ಯಾವುದೇ ಊರಿನಲ್ಲಿ ಹತ್ತು ಹುಡುಗರು ಸೇರಿದರೂ ಸಾಕು, ಈ ತಪಾಸಣೆಯನ್ನು ಕೈಹಿಡಿದು ಕಲಿಸಲು ನಾನು ಬರುತ್ತೇನೆ, ಸಂಭಾವನೆ ಬೇಡ. ನೀವು ಮಾಡಬೇಕಾದ್ದು ಇಷ್ಟೇ: ಬಿಚ್ಚಿ ತೆಗೆದ ಹಳೆಯ ಲೋಯರ್ ಆರ್ಮು, ಹರಿದ ಬುಷ್ಷು, ಸವೆದ ಬಾಲ್ ಜಾಯಿಂಟು, ಬಾಗಿದ ರಿಮ್ಮು ಇವನ್ನು ಗುಜರಿಗೆ ಹಾಕದೆ ಒಂದು ಮೂಲೆಯಲ್ಲಿ ಇಟ್ಟಿರಿ. ಪಾಠಕ್ಕೆ ಬೇಕಾಗುತ್ತವೆ.

ಇಂತಿ ನಿಮ್ಮ ಹಿತೈಷಿ,
ಮೋಟಾರ್ ಮೆಕ್ಯಾನಿಕ್ ವಿಭಾಗದ ನಿವೃತ್ತ ಬೋಧಕ